ದಾಣಿ ಬಿಟ್ಟ ಕುದುರೆ

ದಾವಣಗೆರೆಯಲ್ಲಿ ನನ್ನದು ಪಶುವೈದ್ಯ ವೃತ್ತಿ. ದಿನ ಬೆಳಗಾದರೆ ಎಮ್ಮೆ, ಹಸು, ಕುರಿ. ಕುದುರೆ ಅಂತ ಬರುವುದು ವರ್ಷಕ್ಕೆ ಹತ್ತೋ ಹದಿನೈದೋ, ಅದರಲ್ಲೂ ಬಹಳಷ್ಟು ಮದುವೆ ಮೆರವಣಿಗೆಯವು. ಊರಿಗೆ ಬಂದು ನೆಲೆಸುವ ಮುಂಚೆ ನಾಲ್ಕು ವರ್ಷ ಒಂದು ರೇಸ್‌ಕೋರ್ಸಿನಲ್ಲಿ ಕೆಲಸ ಮಾಡಿದ್ದೆ. ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗಿಗೆ ಈಗ ಅಂಥದ್ದೇ ಒಂದು ಕೆಲಸ ಸಿಕ್ಕಿದೆ. ಆನಗೋಡಿನ ಹತ್ತಿರ ಒಂದು ಹಸುವಿನ ಹೆರಿಗೆ ಮುಗಿಸಿ ಬಕೆಟ್ಟಿನಲ್ಲಿ ಕೈ ತೊಳೆಯುತ್ತಾ ಕೇಳಿದಳು: "ಸರ್, ಸೇರಿದ ಸ್ವಲ್ಪ ದಿನಕ್ಕೇ ಡರ್ಬಿ, ದೊಡ್ಡ ರೇಸು. ಎಂಟ್ರಿ ಆದ ಕುದುರೆಗಳನ್ನೆಲ್ಲ ಪರೀಕ್ಷೆ ಮಾಡಬೇಕಂತೆ. ಎಲ್ಲಿಂದ ಶುರು ಮಾಡ್ಲಿ?"

ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನಾನು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡಬೇಕು.

ನಾನು ಸೇರಿದ ಎರಡನೇ ವರ್ಷ. ದೊಡ್ಡ ರೇಸಿಗೆ ಎರಡು ದಿನ ಇತ್ತು. ಎಲ್ಲರ ಬಾಯಲ್ಲೂ ಒಂದೇ ಕುದುರೆ: ಸತತ ನಾಲ್ಕು ಗೆಲುವು, ಒಳ್ಳೆಯ ತಳಿ, ಬೆಳಗಿನ ಟ್ರ್ಯಾಕ್ ವರ್ಕ್‌ನಲ್ಲಿ ಒಳ್ಳೆಯ ಟೈಮಿಂಗ್. ಅದರ ಸೈಸ್, ಅಂದರೆ ದಿನವೂ ಕುದುರೆ ನೋಡಿಕೊಳ್ಳುವವನು, ಹಿರಿಯೂರು ಕಡೆಯವನು. ನಾನು ದಾವಣಗೆರೆಯವನು ಅಂತ ಗೊತ್ತಾದ ಮೇಲೆ ನನ್ನ ಜೊತೆ ಊರ ಮಾತಿನಲ್ಲೇ ಮಾತಾಡುತ್ತಿದ್ದ. ಅವತ್ತು ಲಾಯದ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ: "ಸಾ, ರಾತ್ರಿ ದಾಣಿ ಅರ್ಧ ಬಿಟ್ಟೈತೆ. ಈ ಕುದ್ರೆ ಯಾವತ್ತೂ ಬಿಟ್ಟಿದ್ದಲ್ಲ."

ಕೇಳಿಸಿಕೊಂಡೆ. ಆದರೆ ಕೈಯಲ್ಲಿ ಆ ಕುದುರೆಯ ದಾಖಲೆ ಇತ್ತು, ಪಕ್ಕದಲ್ಲಿ ಟ್ರೇನರ್ ನಿಂತಿದ್ದರು, ಇನ್ನೂ ಒಂಬತ್ತು ಕುದುರೆ ನೋಡುವುದಿತ್ತು. ಕಾಲುಗಳಿಗೆ ಆಗತಾನೇ ತಣ್ಣೀರು ಹಾಯಿಸಿದ್ದರು. ಮುಟ್ಟಿದೆ, ತಣ್ಣಗಿತ್ತು. ಟ್ರಾಟ್, ಅಂದರೆ ಹಗುರ ಓಟ, ಮಾಡಿಸಿದೆ, ಕುಂಟು ಕಾಣಲಿಲ್ಲ. ಸಹಿ ಹಾಕಿದೆ. ರೇಸಿನ ದಿನ ಕೊನೆಯ ತಿರುವು ದಾಟಿ ಮುನ್ನುಗ್ಗಬೇಕಾದ ಕಡೆ ಕುದುರೆ ಹಿಂದೆ ಬಿತ್ತು. ಜಾಕಿ ಜಾಣ, ಒತ್ತಾಯ ಮಾಡದೆ ನಿಧಾನ ಮಾಡಿಸಿದ. ಸಂಜೆ ಹೊತ್ತಿಗೆ ಎಡ ಮುಂಗಾಲಿನ ಮಂಡಿಯಿಂದ ಕೆಳಗೆ, ಹಿಂಭಾಗದಲ್ಲಿ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಬಿಲ್ಲಿನ ಹಾಗೆ ಉಬ್ಬಿಕೊಂಡಿತ್ತು. ಆ ಕುದುರೆ ಮತ್ತೆ ಓಡಲಿಲ್ಲ. ಸೈಸ್ ನನಗೆ ಒಂದು ಮಾತೂ ಅನ್ನಲಿಲ್ಲ, ರಾತ್ರಿಯೆಲ್ಲ ಕಾಲಿಗೆ ಐಸ್ ಇಡುತ್ತಾ ಕೂತಿದ್ದ. ಅವನ ಪಕ್ಕ ನಾನೂ ಕೂತಿದ್ದೆ.

ಟೆಂಡನ್ ಹರಿಯುವುದು ಒಂದೇ ಕ್ಷಣದ ಕೆಲಸ ಅಲ್ಲ. ಒಳಗಿನ ಎಳೆಗಳು ಮೊದಲು ಸ್ವಲ್ಪ ಸ್ವಲ್ಪವೇ ಸವೆಯುತ್ತವೆ, ಆ ಜಾಗ ಬೆಚ್ಚಗಾಗುತ್ತದೆ, ಒತ್ತಿದರೆ ಕುದುರೆ ಸಣ್ಣಗೆ ಅದುರುತ್ತದೆ. ಕುದುರೆ ಬೇಟೆಗೆ ಬಲಿಯಾಗುತ್ತಾ ಬಂದ ಪ್ರಾಣಿ, ನೋವನ್ನು ಮುಚ್ಚಿಡುವುದು ಅದರ ಹುಟ್ಟುಗುಣ. ಸುಮಾರು 450ರಿಂದ 500 ಕೆ.ಜಿ. ತೂಕದ ಮೈ. ನಿಂತಾಗಲೇ ಅದರ ಹೆಚ್ಚುಕಡಿಮೆ ಶೇ 60ರಷ್ಟು ಭಾರ ಮುಂಗಾಲುಗಳ ಮೇಲೆ. ಪೂರ್ತಿ ವೇಗದಲ್ಲಿ ಓಡುವಾಗ ಒಂದೊಂದು ಹೆಜ್ಜೆಯಲ್ಲೂ ಅಷ್ಟೂ ಭಾರವನ್ನು ಒಂದೇ ಕಾಲು ಹೊರುವ ಗಳಿಗೆ ಬರುತ್ತದೆ. ದಾಣಿ ಬಿಡುವುದು, ಒಂದೇ ಕಾಲು ಮುಂದಿಟ್ಟು ನಿಲ್ಲುವುದು, ಮೈ ಉಜ್ಜುವಾಗ ಕಿವಿ ಹಿಂದಕ್ಕೆ ಮಾಡುವುದು, ಇವೆಲ್ಲ ಅದು ಮಾತಾಡುವ ರೀತಿ. ಆ ಮಾತು ದಿನವೂ ಜೊತೆಗಿರುವ ಸೈಸ್‌ಗೆ ಗೊತ್ತಾಗುತ್ತದೆ. ವಾರಕ್ಕೊಮ್ಮೆ ಬರುವ ನಮಗಲ್ಲ.

ಹಾಗಾಗಿ ಅವಳಿಗೆ ಮೊದಲು ಹೇಳಿದ್ದು: ಪಟ್ಟಿಯಲ್ಲಿ ಹೆಸರು ಓದಬೇಡ, ನಂಬರ್ ಮಾತ್ರ ನೋಡು. ಯಾವುದು ಫೇವರಿಟ್ ಅಂತ ತಿಳಿದರೆ ಕೈ ಹಗುರಾಗುತ್ತದೆ. ನಸುಕಿನಲ್ಲೇ ಹೋಗು, ನೀರು ಹಾಯಿಸುವ ಮುಂಚೆ, ಬ್ಯಾಂಡೇಜ್ ಬಿಚ್ಚಿ ಸ್ವಲ್ಪ ಹೊತ್ತಾದ ಮೇಲೆ. ಕೈಯ ಹಿಂಭಾಗದಿಂದ ಎರಡೂ ಕಾಲು ಮುಟ್ಟಿ ಎಡಕ್ಕೂ ಬಲಕ್ಕೂ ಹೋಲಿಸು. ಕಾಲು ಮಡಿಸಿ ಎತ್ತಿ, ಹೆಬ್ಬೆರಳು ತೋರುಬೆರಳ ನಡುವೆ ಟೆಂಡನ್ ಹಿಡಿದು ಮಂಡಿಯಿಂದ ಗಿಣ್ಣಿನವರೆಗೆ, ಅಂದರೆ ಗೊರಸಿನ ಮೇಲಿನ ಕೀಲಿನವರೆಗೆ, ಇಂಚಿಂಚಾಗಿ ಇಳಿ. ಗಿಣ್ಣಿನ ಪಕ್ಕದಲ್ಲಿ ನಾಡಿ ನೋಡು. ಸಾಮಾನ್ಯವಾಗಿ ಅದು ಸಿಗುವುದೇ ಕಷ್ಟ. ಬೆರಳಿಗೆ ಬಡಿದಂತೆ ಹೊಡೆದುಕೊಳ್ಳುತ್ತಿದ್ದರೆ ಗೊರಸಿನೊಳಗೆ ಏನೋ ಇದೆ. ಆಮೇಲೆ ಗಟ್ಟಿ ನೆಲದ ಮೇಲೆ, ಹಗ್ಗ ಸಡಿಲ ಬಿಟ್ಟು ಟ್ರಾಟ್ ಮಾಡಿಸು. ನೋವಿರುವ ಮುಂಗಾಲು ನೆಲ ಮುಟ್ಟುವಾಗ ತಲೆ ಮೇಲೇಳುತ್ತದೆ, ನೋವಿಲ್ಲದ್ದು ಮುಟ್ಟುವಾಗ ಕೆಳಗಿಳಿಯುತ್ತದೆ. ಒಂದು ಸುತ್ತು ಕಣ್ಣು ಮುಚ್ಚಿ ಕೇಳು. ಎರಡು ಏಟಿನ ತಾಳ ತಪ್ಪಿದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ.

ಗೊರಸಿನ ಮಾತು ಬಂದಾಗ ಅವಳಿಗೆ ಅಮೆರಿಕದ 2023ರ ಕೆಂಟಕಿ ಡರ್ಬಿಯ ಕಥೆ ಹೇಳಿದೆ. ಅಲ್ಲಿ ಫೋರ್ಟೆ ಎಂಬ ಫೇವರಿಟ್ ಕುದುರೆಯನ್ನು ಬಲ ಮುಂಗಾಲಿನ ಗೊರಸು ಜಜ್ಜಿದೆ ಅಂತ ರೇಸಿನ ದಿನ ಬೆಳಿಗ್ಗೆಯೇ ಸರ್ಕಾರಿ ವೈದ್ಯರು ಹಿಂದಕ್ಕೆ ತೆಗೆಸಿದರು. ಜಗತ್ತೇ ನೋಡುತ್ತಿರುವಾಗ, ಅಷ್ಟು ದುಡ್ಡು ಕಾದಿರುವಾಗ "ಬೇಡ" ಅಂದ ಆ ವೈದ್ಯರ ಬಗ್ಗೆ ನನಗೆ ಬಹಳ ಗೌರವ. 2020ರ ಮೆಲ್ಬರ್ನ್ ಕಪ್‌ನಲ್ಲಿ ಆಂಥನಿ ವ್ಯಾನ್ ಡೈಕ್, ಅದರ ಹಿಂದಿನ ವರ್ಷ ಇಂಗ್ಲೆಂಡಿನ ಡರ್ಬಿ ಗೆದ್ದಿದ್ದ ಕುದುರೆ, ಓಡುವಾಗಲೇ ಗಿಣ್ಣು ಮುರಿದುಕೊಂಡಿತು, ಅದಕ್ಕೆ ದಯಾಮರಣ ಕೊಡಬೇಕಾಯಿತು. ಮರುವರ್ಷದಿಂದ ಅಲ್ಲಿಗೆ ಬರುವ ವಿದೇಶಿ ಕುದುರೆಗಳ ಕಾಲಿಗೆ ಸಿಟಿ ಸ್ಕ್ಯಾನ್ ಕಡ್ಡಾಯ ಮಾಡಿದರು. ಬೆರಳಿಗೆ ಸಿಗದ ಕೂದಲೆಳೆಯಂಥ ಬಿರುಕು ಸ್ಕ್ಯಾನಿನಲ್ಲಿ ಸಿಗುತ್ತದೆ. ಯಂತ್ರ ಇರುವ ಕಡೆ ಕೈಯನ್ನೇ ನಂಬಿ ಕೂರುವುದು ಹಟ ಅಷ್ಟೇ.

"ಹಾಗಾದ್ರೆ ದಾಖಲೆ ನೋಡೋದೇ ಬೇಡ್ವಾ ಸರ್?" ಅಂದಳು. ನೋಡಬೇಕು, ಕೈ ಪರೀಕ್ಷೆ ಆದ ಮೇಲೆ. 1,600 ಮೀಟರ್ ಗೆದ್ದ ಕುದುರೆಗೆ 2,400 ಮೀಟರ್ ಬೇರೆಯದೇ ಪರೀಕ್ಷೆ. ಕುದುರೆ ಬಾಯಿಂದ ಉಸಿರಾಡಲಾರದು, ಪೂರ್ತಿ ಓಟದಲ್ಲಿ ಒಂದು ಹೆಜ್ಜೆಗೆ ಒಂದೇ ಉಸಿರು. ನಿಂತಾಗ ನಿಮಿಷಕ್ಕೆ 30-40 ಸಲ ಬಡಿಯುವ ಹೃದಯ ಓಟದಲ್ಲಿ 220 ದಾಟುತ್ತದೆ. ಟ್ರ್ಯಾಕ್ ವರ್ಕ್ ಮುಗಿಸಿ ಬಂದ ಕುದುರೆಯ ಬಡಿತ ಎಷ್ಟು ಬೇಗ ಇಳಿಯುತ್ತದೆ ಅನ್ನುವುದನ್ನು ನಾನು ಟೈಮಿಂಗ್‌ಗಿಂತ ಹೆಚ್ಚು ನಂಬುತ್ತೇನೆ. ಹೋದ ವಾರಕ್ಕಿಂತ ಈ ವಾರ ತಡವಾದರೆ ಯಾಕೆ ಅಂತ ಕೇಳಬೇಕು.

ಯಾವುದಾದರೂ ಹಿಂದೆ ಸರಿದರೆ ಓಡಲಿ ಅಂತ ಕಾಯ್ದಿರಿಸಿದ ಕುದುರೆಯನ್ನೂ ಅಷ್ಟೇ ಶ್ರದ್ಧೆಯಿಂದ ನೋಡಬೇಕು. 2022ರ ಕೆಂಟಕಿ ಡರ್ಬಿಯಲ್ಲಿ ರಿಚ್ ಸ್ಟ್ರೈಕ್‌ಗೆ ಜಾಗ ಸಿಕ್ಕಿದ್ದೇ ಹಿಂದಿನ ದಿನ, ಬೇರೊಂದು ಕುದುರೆ ಹಿಂದೆ ಸರಿದಿದ್ದಕ್ಕೆ. ಬಾಜಿಯ ದರ ಒಂದಕ್ಕೆ ಎಂಬತ್ತು. ಮುಂದಿದ್ದವು ಮೊದಲ 800 ಮೀಟರನ್ನೇ 45 ಸೆಕೆಂಡ್ ಚಿಲ್ಲರೆಯಲ್ಲಿ ಓಡಿ ಸುಸ್ತಾದವು, ಹಿಂದಿದ್ದ ಇದು ಒಳಬದಿಯಿಂದ ನುಗ್ಗಿ ಗೆದ್ದಿತು.

ಹೇಳಿದರೆ ಸಾಲದು ಅಂತ ಬಾಷಾ ನಗರದ ಒಬ್ಬರ ಬಿಳಿ ಹೆಣ್ಣು ಕುದುರೆಯನ್ನು ಅವಳಿಗೆ ಒಪ್ಪಿಸಿದೆ. ಹೊರಡುವವರೆಗೂ ದಿನಾ ಬೆಳಿಗ್ಗೆ ಅದೇ ಕುದುರೆ, ಅದೇ ನಾಲ್ಕು ಕಾಲು, ನೋಟ್‌ಬುಕ್ಕಿನಲ್ಲಿ ಬರೆಯುವುದು. ಐದಾರು ದಿನ "ಎಲ್ಲ ಸರಿ ಇದೆ" ಅಂತಲೇ ಬರೆದಳು, ಬೇಜಾರೂ ಪಟ್ಟಳು. ಹನ್ನೊಂದನೇ ದಿನ ಫೋನ್ ಮಾಡಿ, "ಸರ್, ಹಿಂದಿನ ಬಲಗಾಲಿನ ನಾಡಿ ನಿನ್ನೆಗಿಂತ ಜೋರಾಗಿದೆ, ನೀವು ಬರ್ಬೇಕು" ಅಂದಳು. ಹೋಗಿ ನೋಡಿದರೆ ನಡಿಗೆಯಲ್ಲಿ ನನಗೇನೂ ಕಾಣಲಿಲ್ಲ. ಕುದುರೆಯವರನ್ನು ಕೇಳಿದೆವು. "ನಿನ್ನೆ ಹೊಸ ಲಾಳ ಕಟ್ಸಿದ್ವಿ ಡಾಕ್ಟ್ರೇ, ರಾತ್ರಿ ನಿಟುವಳ್ಳಿಯಾಗೆ ಮದ್ವಿ ಇತ್ತು" ಅಂದರು. ಲಾಳದ ಒಂದು ಮೊಳೆ ಒಳಗಿನ ಜೀವಂತ ಭಾಗಕ್ಕೆ ಒತ್ತುತ್ತಿತ್ತು. ಕಿತ್ತೆವು. ಇನ್ನೆರಡು ದಿನ ಬಿಟ್ಟಿದ್ದರೆ ಕೀವು ತುಂಬಿ ಕಾಲೂರುತ್ತಿರಲಿಲ್ಲ.

ಹೋದ ಗುರುವಾರ ರಾತ್ರಿ ರೇಸ್‌ಕೋರ್ಸಿನಿಂದ ಅವಳ ಫೋನ್ ಬಂತು. ಎಲ್ಲ ಕುದುರೆ ನೋಡಿದ್ದಾಳೆ, ಒಂದಕ್ಕೆ ಮಾತ್ರ ಸಹಿ ಹಾಕಿಲ್ಲ. ಕಾಲಿನಲ್ಲಿ ಏನೂ ಸಿಗಲಿಲ್ಲವಂತೆ, ಆದರೆ ಎರಡು ದಿನದಿಂದ ಮಲಗಿಲ್ಲ ಅಂತ ಸೈಸ್ ಹೇಳಿದನಂತೆ. ಟ್ರೇನರ್ ಸಿಟ್ಟಾಗಿದ್ದಾರೆ.

"ನಾಳೆ ಬೆಳಿಗ್ಗೆ ಇನ್ನೊಂದ್ಸಲ ನೋಡ್ತೀನಿ ಅಂತ ಬರೆದಿದ್ದೀನಿ ಸರ್. ಸರಿನಾ?"

"ಐದು ಗಂಟೆಗೇ ಹೋಗು, ನೀರು ಹಾಯಿಸೋದ್ರೊಳಗೆ" ಅಂದೆ. "ಆ ಸೈಸ್‌ನ ಜೊತೆಗೇ ನಿಲ್ಲಿಸ್ಕೋ."