ಮಜಾದ ಕಾರಿಗೆ ಸಾಲ ಬೇಡ, ಬೋರಿಂಗ್ ಕಾರಿಗೆ ಬೇಕಾದರೆ ಮಾಡಿ

ಕಾರಿನ ಹುಚ್ಚಿರುವ ನಾಲ್ಕು ಜನ ಒಂದು ಕಡೆ ಸೇರಿದರೆ ಈ ವಾದ ಬಂದೇ ಬರುತ್ತದೆ. ಸಾಲ ಮಾಡಿ ಕನಸಿನ ಕಾರನ್ನು ಈಗಲೇ ಮನೆಗೆ ತರುವುದಾ, ಇಲ್ಲ ಕೈಯಲ್ಲಿರುವ ದುಡ್ಡಿಗೆ ಸಿಗುವ ಹಳೇ ಕಾರನ್ನು ತಗೊಂಡು ಯಾರ ಹಂಗೂ ಇಲ್ಲದೆ ಓಡಿಸುವುದಾ? ಒಬ್ಬ "ಇರೋದೊಂದೇ ಜೀವನ" ಅಂತಾನೆ. ಇನ್ನೊಬ್ಬ ಮೊಬೈಲ್ ತೆಗೆದು ಬಡ್ಡಿ ಲೆಕ್ಕ ಹಾಕುತ್ತಾನೆ. ಇಬ್ಬರೂ ಸೋಲುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಾಲ ಮಾಡಲೇಬೇಕಿದ್ದರೆ ದಿನಾ ಕೆಲಸಕ್ಕೆ ಹೋಗುವ, ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗಬೇಕಾದ ಬೋರಿಂಗ್ ಕಾರಿಗೆ ಮಾಡಿ. ಮಜಾಕ್ಕೆ ಅಂತ ಇಟ್ಟುಕೊಳ್ಳುವ ಕಾರನ್ನು ಮಾತ್ರ ಪೂರ್ತಿ ದುಡ್ಡು ಕೊಟ್ಟೇ ತಗೊಳ್ಳಿ, ಅದು ಎಷ್ಟೇ ಹಳೆಯದಾಗಿರಲಿ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ.

ಲೆಕ್ಕದ ಕಡೆಯಿಂದಲೇ ಶುರು ಮಾಡೋಣ. ಸಾಲ 100 ಅಂತ ಇಟ್ಟುಕೊಳ್ಳಿ, ಬಡ್ಡಿ ವರ್ಷಕ್ಕೆ 10 ಪರ್ಸೆಂಟ್. 5 ವರ್ಷದಲ್ಲಿ ತೀರಿಸಿದರೆ ಒಟ್ಟು ಸುಮಾರು 127 ಕಟ್ಟುತ್ತೀರಿ. ಕಂತು ಭಾರ ಆಯ್ತು ಅಂತ 7 ವರ್ಷಕ್ಕೆ ಎಳೆದರೆ ತಿಂಗಳ ಇಎಂಐ ಐದರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಇಳಿಯುತ್ತದೆ, ಆದರೆ ಒಟ್ಟು ಮೊತ್ತ 139 ದಾಟುತ್ತದೆ. ಆ 7 ವರ್ಷದ ಸಾಲದ ಮೊದಲ ಕಂತಿನಲ್ಲಿ ಅರ್ಧ ದುಡ್ಡು ಬರೀ ಬಡ್ಡಿಗೇ ಹೋಗುತ್ತದೆ. ಎರಡು ವರ್ಷ ಒಂದು ತಿಂಗಳೂ ತಪ್ಪಿಸದೆ ಕಟ್ಟಿದ ಮೇಲೂ ಅಸಲು ಇನ್ನೂ 78ರ ಹತ್ತಿರ ಕೂತಿರುತ್ತದೆ. ಅತ್ತ ಕಾರಿನ ಕಥೆ ನೋಡಿ. ಹೊಸ ಕಾರು ಮೊದಲ ವರ್ಷದಲ್ಲೇ ಐದನೇ ಒಂದು ಭಾಗದಷ್ಟು ಬೆಲೆ ಕಳೆದುಕೊಳ್ಳುವುದು ಮಾಮೂಲು, ಎರಡನೇ ವರ್ಷದಲ್ಲಿ ಇನ್ನಷ್ಟು. ಡೌನ್ ಪೇಮೆಂಟ್ ಇಲ್ಲದೆ ಪೂರ್ತಿ ಬೆಲೆಗೆ ಸಾಲ ಎತ್ತಿದ್ದರೆ ಎರಡು ವರ್ಷದ ಹೊತ್ತಿಗೆ ಕಾರು ಮಾರಿದರೂ ಸಾಲ ತೀರದ ಪರಿಸ್ಥಿತಿ. ಅಂದರೆ ಕಾರನ್ನು ಬಿಟ್ಟುಕೊಡಲಿಕ್ಕೂ ನೀವೇ ಕೈಯಿಂದ ದುಡ್ಡು ಹಾಕಬೇಕು.

ಶೋರೂಂನಲ್ಲಿ ಇದನ್ನೆಲ್ಲ ಯಾರೂ ಹೇಳುವುದಿಲ್ಲ. ಅಲ್ಲಿ ಕೇಳುವುದು ಒಂದೇ ಪ್ರಶ್ನೆ, "ತಿಂಗಳಿಗೆ ಎಷ್ಟು ಕಟ್ಟಬಹುದು ಸರ್?" ಅದಕ್ಕೆ ಉತ್ತರ ಕೊಟ್ಟಿರೋ, ಮುಗೀತು. ಆಮೇಲೆ ನಿಮ್ಮ ಮುಂದೆ ಬರುವ ಪ್ರತಿ ಕಾರೂ ಆ ಮೊತ್ತಕ್ಕೆ ಸರಿಯಾಗಿಯೇ ಬರುತ್ತದೆ. ವರ್ಷ ಉದ್ದ ಆಗುತ್ತದೆ, ಅಷ್ಟೇ.

ಇನ್ನೆರಡು ಕಡೆ ಕಣ್ಣಿಡಬೇಕು. ಒಂದು, ಫ್ಲಾಟ್ ಬಡ್ಡಿ. "ಬರೀ 7 ಪರ್ಸೆಂಟ್" ಅಂತ ಹೇಳಿ, ಪೂರ್ತಿ ಸಾಲದ ಮೇಲೆ ಐದೂ ವರ್ಷ ಅದೇ ಬಡ್ಡಿ ಹಾಕುತ್ತಾರೆ, ನೀವು ಅಸಲು ತೀರಿಸುತ್ತಾ ಬಂದಿದ್ದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಮಾಮೂಲಿ ಲೆಕ್ಕಕ್ಕೆ ತಂದರೆ ಅದು ಸುಮಾರು 12.5 ಪರ್ಸೆಂಟ್ ಆಗುತ್ತದೆ. ಇನ್ನೊಂದು, ಸೊನ್ನೆ ಬಡ್ಡಿ ಆಫರ್. ದುಡ್ಡು ಒಟ್ಟಿಗೆ ಕೊಟ್ಟರೆ 100ರ ಕಾರು 94ಕ್ಕೆ ಬರುತ್ತದೆ, 24 ಕಂತಲ್ಲಿ ಕಟ್ಟಿದರೆ ಡಿಸ್ಕೌಂಟ್ ಇಲ್ಲ, ಆದರೆ "ಬಡ್ಡಿಯೂ ಇಲ್ಲ" ಅಂತ ಹೇಳಿದರೆ, ಅದು 94ರ ಸಾಲಕ್ಕೆ ವರ್ಷಕ್ಕೆ 6 ಪರ್ಸೆಂಟ್ ಬಡ್ಡಿ ಕಟ್ಟಿದ ಹಾಗೇ. ಬಡ್ಡಿಯನ್ನು ಬೆಲೆಯೊಳಗೆ ಬಚ್ಚಿಟ್ಟಿದ್ದಾರೆ. ಡಿಸ್ಕೌಂಟ್ ನಿಜವಾಗಿಯೂ ಇಲ್ಲವೇ ಇಲ್ಲ ಅಂತಾದರೆ ಸೊನ್ನೆ ಬಡ್ಡಿ ಒಳ್ಳೆಯದೇ, ಕಣ್ಣು ಮುಚ್ಚಿ ತಗೊಳ್ಳಿ.

ಆದರೆ ಸುಮ್ನೆ ಬಡ್ಡಿ ಲೆಕ್ಕ ಹೇಳಲಿಕ್ಕೆ ಇಷ್ಟು ಬರೆಯಬೇಕಿರಲಿಲ್ಲ. ಬಡ್ಡಿ ಅನ್ನುವುದು ಕಾರಿನ ಹುಚ್ಚಿಗೆ ನಾವು ಕಟ್ಟುವ ಶುಲ್ಕ ಅಂದುಕೊಂಡರೆ ಅದನ್ನೂ ಸಹಿಸಿಕೊಳ್ಳಬಹುದು. ನನ್ನ ತಕರಾರು ಬೇರೆ. ಸಾಲದ ಕಾರನ್ನು ಮುಟ್ಟಲಿಕ್ಕೆ ಆಗುವುದಿಲ್ಲ.

ನನ್ನ ಸ್ನೇಹಿತನೊಬ್ಬ ಹೊಸ ಟರ್ಬೊ ಹ್ಯಾಚ್‌ಬ್ಯಾಕ್ ತಗೊಂಡ, 7 ವರ್ಷದ ಸಾಲದ ಮೇಲೆ. ಒಳ್ಳೇ ಕಾರು, ಅದರಲ್ಲಿ ಎರಡು ಮಾತಿಲ್ಲ. ಅವನ ಜೊತೆ ಎಲ್ಲಿಗಾದರೂ ಹೋದರೆ ಪಾರ್ಕಿಂಗ್‌ನಲ್ಲಿ ಬಾಗಿಲ ಹತ್ತಿರ ಜಾಗ ಖಾಲಿ ಇದ್ದರೂ ಕೊನೆಯ ಮೂಲೆಗೆ ಹೋಗುತ್ತಾನೆ, ಕಂಬದ ಪಕ್ಕ ನಿಲ್ಲಿಸುತ್ತಾನೆ, ಒಂದು ಕಡೆಯಿಂದಾದರೂ ಯಾರೂ ಡೋರ್ ತಗುಲಿಸಬಾರದು ಅಂತ. ಇಳಿದ ಮೇಲೆ ಒಂದು ಸುತ್ತು ಹಾಕಿ ನಾಲ್ಕೂ ಅಲಾಯ್ ವೀಲ್ ನೋಡುತ್ತಾನೆ. ಬ್ರೇಕ್ ಪ್ಯಾಡ್ ಸ್ವಲ್ಪ ಗಟ್ಟಿಯದು ಹಾಕೋಣ, ಫ್ಲೂಯಿಡ್ ಬದಲಿಸೋಣ, ಒಂದು ದಿನ ರೇಸ್ ಟ್ರ್ಯಾಕ್‌ಗೆ ಹೋಗೋಣ ಅಂದರೆ "ವಾರಂಟಿ ಹೋಗುತ್ತೆ ಮಾರಾಯ, ಮೊದಲು ಕಂತು ಮುಗೀಲಿ" ಅಂತಾನೆ. ಅವನು ಹೇಳುವುದರಲ್ಲಿ ತಪ್ಪೇನೂ ಇಲ್ಲ. ಮಾಮೂಲಿ ಇನ್ಶೂರೆನ್ಸ್ ಪಾಲಿಸಿಗಳಲ್ಲಿ ರೇಸ್, ಟ್ರ್ಯಾಕ್ ಎಲ್ಲ ಸಾಮಾನ್ಯವಾಗಿ ಹೊರಗೇ ಇರುತ್ತವೆ. ಅಲ್ಲಿ ಕಾರು ಗೋಡೆಗೆ ಹೊಡೆದರೆ ಕ್ಲೇಮ್ ಸಿಗುವುದಿಲ್ಲ, ಕಾರು ಗುಜರಿಗೆ ಹೋಗುತ್ತದೆ, ಸಾಲ ಮಾತ್ರ ನಿಮ್ಮ ಹೆಸರಲ್ಲೇ ಇರುತ್ತದೆ. ಇಲ್ಲದ ಕಾರಿಗೆ ಇನ್ನೂ ಐದು ವರ್ಷ ಕಂತು ಕಟ್ಟುವುದನ್ನು ಯೋಚಿಸಿ. ಲೀಸ್ ಆದರೆ ಇನ್ನೂ ಬಿಗಿ. ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಅಂತ ಮಿತಿ, ವಾಪಸ್ ಕೊಡುವಾಗ ಗೀರು ಗೀರಿಗೂ ಲೆಕ್ಕ. ನಾಲ್ಕು ಸ್ಪ್ರಿಂಗ್ ಬದಲಿಸಿದರೂ ಹಳೆಯದನ್ನು ಜೋಪಾನವಾಗಿ ಇಟ್ಟುಕೊಂಡು ಕೊನೆಗೆ ಮತ್ತೆ ಹಾಕಿಯೇ ಕೊಡಬೇಕು.

ಹೀಗಾಗಿ 250 ಹಾರ್ಸ್‌ಪವರ್ ಇರುವ ಕಾರನ್ನು ಅವನು ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹಾಗೆ ಓಡಿಸುತ್ತಾನೆ.

ನನ್ನದು ಹಳೇ ಹ್ಯಾಚ್‌ಬ್ಯಾಕ್. ಬಾನೆಟ್ ಮೇಲೆ ಪೇಂಟ್ ಮಂಕಾಗಿದೆ, ಹಿಂದಿನ ಬಂಪರ್‌ಗೆ ಯಾರೋ ಗುದ್ದಿದ ಗುರುತು ಹಾಗೇ ಇದೆ. ಸಾಲ ಇಲ್ಲ. ಮುಂದಿನ ಬ್ರೇಕ್ ಪ್ಯಾಡ್ ನಾನೇ ಬದಲಿಸುತ್ತೇನೆ. ವೀಲ್ ಬಿಚ್ಚಿ, ಪ್ಯಾಡ್ ಹಿಡಿದಿರುವ ಕ್ಯಾಲಿಪರ್‌ನ ಕೆಳಗಿನ ಬೋಲ್ಟ್ ತೆಗೆದು ಮೇಲಕ್ಕೆ ಎತ್ತಿದರೆ ಹಳೇ ಪ್ಯಾಡ್ ಕೈಗೆ ಬರುತ್ತದೆ. ಹೊಸದು ದಪ್ಪ ಇರುವುದರಿಂದ ಪ್ಯಾಡನ್ನು ಒತ್ತುವ ಪಿಸ್ಟನ್ ಅನ್ನು ಒಳಗೆ ತಳ್ಳಬೇಕು, ಅದಕ್ಕೆ ಹಳೇ ಪ್ಯಾಡ್ ಅಡ್ಡ ಇಟ್ಟು ಕ್ಲ್ಯಾಂಪ್ ಹಾಕಿ ನಿಧಾನಕ್ಕೆ ಬಿಗಿಯುತ್ತಾ ಬಂದರೆ ಸಾಕು, ಆದರೆ ಆಗ ಫ್ಲೂಯಿಡ್ ಹಿಂದಕ್ಕೆ ಹೋಗಿ ಮೇಲಿನ ಡಬ್ಬಿಯಲ್ಲಿ ಉಕ್ಕುತ್ತದೆ, ಅದು ಪೇಂಟ್ ಮೇಲೆ ಬಿದ್ದರೆ ಪೇಂಟ್ ಎದ್ದೇ ಬರುತ್ತದೆ, ಹಾಗಾಗಿ ಮೊದಲೇ ಸಿರಿಂಜ್‌ನಲ್ಲಿ ಸ್ವಲ್ಪ ಎಳೆದುಬಿಡಬೇಕು. ಎಲ್ಲ ಜೋಡಿಸಿದ ಮೇಲೆ ಗಾಡಿ ಕದಲಿಸುವ ಮುಂಚೆ ಪೆಡಲ್ ನಾಲ್ಕೈದು ಸಲ ಒತ್ತಬೇಕು. ಮೊದಲ ಸಲ ಒತ್ತಿದಾಗ ಅದು ನೆಲಕ್ಕೇ ಹೋಗುತ್ತದೆ, ಎದೆ ಧಸಕ್ ಅನ್ನುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಇದನ್ನು ಮಾಡಿದ ದಿನ ಕಾರು ಇನ್ನಷ್ಟು ನಮ್ಮದಾಗುತ್ತದೆ. ಕಾರಿನ ಹುಚ್ಚು ಅಂದರೆ ನನಗೆ ಇದೇ. ಸೀಟಲ್ಲಿ ಕೂರುವುದು ಅದರ ಅರ್ಧ ಮಾತ್ರ.

ಓಡಿಸುವ ಮಜಾಕ್ಕೂ ದೊಡ್ಡ ಎಂಜಿನ್ ಬೇಕಂತಿಲ್ಲ. 1989ರಲ್ಲಿ ಬಂದ ಮೊದಲ ಮಜ್ದಾ ಎಂಎಕ್ಸ್-5 ನೋಡಿ, ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. 1.6 ಲೀಟರ್ ಎಂಜಿನ್, ಸುಮಾರು 115 ಹಾರ್ಸ್‌ಪವರ್, ತೂಕ ಒಂದು ಟನ್ನಿನ ಒಳಗೆ. ಇವತ್ತಿನ ಲೆಕ್ಕದಲ್ಲಿ ಆ ಪವರ್ ಏನೇನೂ ಅಲ್ಲ. ಆದರೂ ಜನ ಅದನ್ನು ಬಿಟ್ಟುಕೊಡುವುದಿಲ್ಲ, ಯಾಕೆಂದರೆ ಅದರಲ್ಲಿ ಎರಡನೇ ಗೇರ್‌ನಲ್ಲಿ ಎಂಜಿನ್ ಅನ್ನು ಕೊನೆಯವರೆಗೂ ಎಳೆಯಬಹುದು, ಯಾವ ಕಾನೂನೂ ಮುರಿಯದೆ. 300 ಹಾರ್ಸ್‌ಪವರ್ ಕಾರಿನಲ್ಲಿ ಅದೇ ಕೆಲಸ ಮಾಡಿದರೆ ಲೈಸೆನ್ಸ್ ಉಳಿಯುವುದಿಲ್ಲ.

ಈಗ ಹಳೇ ಕಾರಿನ ಪರ ಇಷ್ಟು ಮಾತಾಡಿದ್ದಕ್ಕೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು, ಇಲ್ಲದಿದ್ದರೆ ಅದು ಮೋಸ. ಎಂಟು ಹತ್ತು ವರ್ಷದ ಕಾರು ಬೆಲೆ ಕಳೆದುಕೊಳ್ಳುವುದನ್ನು ಬಹುಪಾಲು ಮುಗಿಸಿರುತ್ತದೆ, ಆ ನಷ್ಟ ಮೊದಲ ಓನರ್ ಹೊತ್ತಿರುತ್ತಾನೆ, ಸರಿ. ಆದರೆ ಒಂದು ಕಾಲದಲ್ಲಿ ಬಲು ದುಬಾರಿಯಾಗಿದ್ದ ಕಾರು ಇವತ್ತು ಚಿಲ್ಲರೆ ರೇಟಿಗೆ ಸಿಕ್ಕರೂ ಅದರ ಪಾರ್ಟ್ಸ್ ಇನ್ನೂ ಹಳೇ ಠೀವಿಯಲ್ಲೇ ಇರುತ್ತವೆ. ಬಿಎಂಡಬ್ಲ್ಯು ಇ46 ತಲೆಮಾರಿನ 3 ಸೀರೀಸ್‌ನಲ್ಲಿ ಹಿಂದಿನ ಸಬ್‌ಫ್ರೇಮ್ (ಹಿಂದಿನ ಸಸ್ಪೆನ್ಷನ್ ಹೊತ್ತಿರುವ ಚೌಕಟ್ಟು) ಕೂರುವ ಜಾಗದಲ್ಲಿ ನೆಲದ ತಗಡು ಸೀಳುವುದು ಎಲ್ಲರಿಗೂ ಗೊತ್ತಿರುವ ಕಥೆ. ಪೋರ್ಷೆ 996 ಅಗ್ಗ ಅಂತ ಬಾಯಲ್ಲಿ ನೀರೂರುತ್ತದೆ, ಆದರೆ ಎಂಜಿನ್ ಒಳಗಿನ ಒಂದು ಶಾಫ್ಟ್ ಹಿಡಿದಿರುವ ಐಎಂಎಸ್ ಬೇರಿಂಗ್ ಹೋದರೆ ಎಂಜಿನ್ನೇ ಹೋದಂತೆ. ಮಜ್ದಾ ಆರ್‌ಎಕ್ಸ್-8ರ ರೋಟರಿ ಎಂಜಿನ್‌ನಲ್ಲಿ (ಪಿಸ್ಟನ್ ಬದಲು ತಿರುಗುವ ರೋಟರ್ ಇರುವಂಥದ್ದು) ರೋಟರ್ ಮೂಲೆಗಳ ಅಪೆಕ್ಸ್ ಸೀಲ್ ಸವೆದು ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಬಿದ್ದರೆ ಬಿಸಿ ಎಂಜಿನ್ ಸ್ಟಾರ್ಟೇ ಆಗುವುದಿಲ್ಲ, ಅದಕ್ಕೇ ಮಾರುವವನಿಗೆ ಮೊದಲೇ ಹೇಳಿ ಎಂಜಿನ್ ಬಿಸಿ ಇರುವಾಗಲೂ ಸ್ಟಾರ್ಟ್ ಮಾಡಿ ನೋಡಬೇಕು. ಪಿಸ್ಟನ್, ವಾಲ್ವ್ ಎರಡನ್ನೂ ಒಂದೇ ತಾಳಕ್ಕೆ ಓಡಿಸುವ ಟೈಮಿಂಗ್ ಬೆಲ್ಟ್ ಇರುವ ಬಹಳಷ್ಟು ಎಂಜಿನ್‌ಗಳಲ್ಲಿ ಬೆಲ್ಟ್ ಕಿತ್ತರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಬೆಲ್ಟ್ ಬದಲಿಸಿದ ಬಿಲ್ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ಲೆಕ್ಕ, ಮಾರುವವನು ಎಷ್ಟೇ ಆಣೆ ಇಡಲಿ.

ಇನ್ನು ಟೈರ್. ಅಚ್ಚು ಚೆನ್ನಾಗಿದೆ ಅಂತ ಮೋಸ ಹೋಗಬೇಡಿ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ, 2316 ಅಂದರೆ 2016ನೇ ಇಸವಿಯ 23ನೇ ವಾರ. ಕಡಿಮೆ ಓಡಿದ ಹಳೇ ಕಾರಿನಲ್ಲಿ ಅಚ್ಚು ಹೊಸದರಂತೆ ಇದ್ದು ರಬ್ಬರ್ ಕಲ್ಲಾಗಿರುವುದು ಬಹಳ.

ಅದಕ್ಕೇ ಕೈಯಲ್ಲಿರುವ ಅಷ್ಟೂ ದುಡ್ಡನ್ನು ಕಾರಿಗೇ ಸುರಿಯಬಾರದು. ನಾಲ್ಕರಲ್ಲಿ ಒಂದು ಪಾಲು ಪಕ್ಕಕ್ಕೆ ಇಟ್ಟು ಉಳಿದಿದ್ದರಲ್ಲಿ ಹುಡುಕಿ. ಮೊದಲ ವರ್ಷ ಟೈರ್, ಬೆಲ್ಟ್, ಕೂಲೆಂಟ್ ಪೈಪ್, ಬುಷ್, ಬ್ಯಾಟರಿ ಅಂತ ಆ ಪಾಲು ಕರಗಿಯೇ ಹೋಗುತ್ತದೆ. ಹಾಗೆ ಇಡದೆ, ಕ್ಲಚ್ ಹೋದ ದಿನ ಕ್ರೆಡಿಟ್ ಕಾರ್ಡ್ ಉಜ್ಜಿದರೆ ಅದು ಕಾರ್ ಲೋನ್‌ಗಿಂತ ದುಬಾರಿ ಸಾಲ. "ನನ್ನ ಕಾರಿಗೆ ಸಾಲವೇ ಇಲ್ಲ" ಅಂತ ಆಮೇಲೆ ಹೇಳಿಕೊಳ್ಳುವ ಹಾಗಿಲ್ಲ ಅಲ್ವಾ? ಕಂತಿಲ್ಲ ಅಂತ ಆ ದುಡ್ಡು ಊಟ ತಿಂಡಿಗೆ ಖರ್ಚಾಗದ ಹಾಗೆ, ಇಎಂಐ ಹೋಗುವ ತಾರೀಖಿಗೇ ಒಂದು ಮೊತ್ತವನ್ನು ಬೇರೆ ಅಕೌಂಟ್‌ಗೆ ಹಾಕುತ್ತಾ ಹೋಗಿ. ರಿಪೇರಿಗೆ ಹೋಗದೆ ಉಳಿದಿದ್ದು ಮುಂದಿನ ಕಾರಿಗೆ.

ಇಷ್ಟೆಲ್ಲ ಇದ್ದ ಮೇಲೆ ದಿನಾ ಓಡಿಸುವ ಕಾರೂ ಹಳೆಯದೇ ಆದರೆ ಕಷ್ಟ. ಕಾರು ಗ್ಯಾರೇಜಲ್ಲಿ ಕೂತರೆ ಕೆಲಸಕ್ಕೆ ರಜೆ ಹಾಕಲು ಆಗುವುದಿಲ್ಲ. ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗುವ ಗಾಡಿಗೆ ಏರ್‌ಬ್ಯಾಗ್, ಕಾರು ಜಾರಿದರೆ ತಾನೇ ಬ್ರೇಕ್ ಹಾಕಿ ಹಿಡಿತಕ್ಕೆ ತರುವ ಸ್ಟೆಬಿಲಿಟಿ ಕಂಟ್ರೋಲ್ ಬೇಕೇ ಬೇಕು. ಸ್ಟೆಬಿಲಿಟಿ ಕಂಟ್ರೋಲ್ 1995ರಲ್ಲಿ ಮರ್ಸಿಡಿಸ್‌ನ ಎಸ್ ಕ್ಲಾಸ್‌ನಂಥ ಕಾರಿನಿಂದ ಶುರುವಾಗಿ ಸಣ್ಣ ಕಾರಿಗೆ ಇಳಿಯಲಿಕ್ಕೆ ಬಹಳ ವರ್ಷ ಹಿಡಿಯಿತು. ಹಾಗಾಗಿ ತೀರಾ ಹಳೇ ಸಣ್ಣ ಕಾರಿನಲ್ಲಿ ಅದನ್ನು ನಿರೀಕ್ಷೆ ಮಾಡುವ ಹಾಗಿಲ್ಲ. ಇಲ್ಲಿ ನಾನು ಸಾಲದ ಪರ. ವಾರಂಟಿ ಇರುವ, ರೀಸೇಲ್ ಚೆನ್ನಾಗಿರುವ, ಯಾರೂ ತಿರುಗಿ ನೋಡದ ಒಂದು ಕಾರು, ದೊಡ್ಡ ಡೌನ್ ಪೇಮೆಂಟ್, ಚಿಕ್ಕ ಅವಧಿ. ಅದನ್ನು ಮುಟ್ಟುವ ಆಸೆಯೇ ಬರುವುದಿಲ್ಲ, ಹಾಗಾಗಿ ಮುಟ್ಟಬಾರದು ಅನ್ನುವ ಕಾಟವೂ ಇಲ್ಲ. ಇರುವ ಉಳಿತಾಯವನ್ನೆಲ್ಲ ಆ ಕಾರಿಗೆ ಸುರಿದು ಕೈ ಖಾಲಿ ಮಾಡಿಕೊಳ್ಳುವುದಕ್ಕಿಂತ ಇದು ವಾಸಿ.

ಎರಡು ಕಾರು ಇಡಲಿಕ್ಕೆ ಜಾಗವೂ ಇಲ್ಲ, ದುಡ್ಡೂ ಇಲ್ಲ ಅನ್ನುವವರೇ ಜಾಸ್ತಿ, ಗೊತ್ತು. ಒಂದರಲ್ಲೇ ಎರಡೂ ಬೇಕು ಅಂದರೆ ನಾನು ಹುಡುಕುವುದು ಮೂರು ನಾಲ್ಕು ವರ್ಷ ಹಳೆಯ, ಹಗುರವಾದ, ಸ್ಟಿಯರಿಂಗ್ ಚೆನ್ನಾಗಿರುವ, ಮ್ಯಾನುವಲ್ ಗೇರಿನ ಹ್ಯಾಚ್‌ಬ್ಯಾಕ್. ಅರ್ಧ ಕೈಯಿಂದ, ಅರ್ಧ ಸಾಲ, 3 ವರ್ಷ ಮೀರಬಾರದು. ಹೀಗಿದ್ದರೆ ಯಾವ ತಿಂಗಳು ಮಾರಿದರೂ ಸಾಲ ತೀರಿ ಕೈಗೆ ಒಂದಿಷ್ಟು ಬರುತ್ತದೆ. ಸಹಿ ಹಾಕುವ ಮುಂಚೆ ಅವಧಿಗೆ ಮೊದಲೇ ತೀರಿಸಿದರೆ ದಂಡ ಎಷ್ಟು ಅಂತ ಕೇಳಿ, ಉತ್ತರ ಬಾಯಲ್ಲಿ ಹೇಳಿದರೆ ಸಾಲದು, ಕಾಗದದಲ್ಲಿ ತೋರಿಸಲಿ. ಬೇರೆಯವರಿಗೆ ಆ ಸಾಲು ಓದದಿದ್ದರೂ ನಡೆಯುತ್ತದೆ. ನಮ್ಮಂಥವರಿಗೆ ಎರಡು ವರ್ಷ ಆಗುವಷ್ಟರಲ್ಲಿ ಇನ್ನೊಂದು ಕಾರಿನ ಮೇಲೆ ಕಣ್ಣು ಬಿದ್ದೇ ಬಿದ್ದಿರುತ್ತದೆ.