ಹಳೇ ಎಂಟಿಂಚಿನ ಸ್ಪೀಕರ್ ಜೋಡಿ: ರಿಪೇರಿಯೋ, ಹೊಸದೋ? (ಬಳ್ಳಾರಿ, ಕೆಲಸದ ದಾಖಲೆ)

ಕೈಯಲ್ಲಿರುವುದು ಎಂಬತ್ತರ ದಶಕದ ಟೂ-ವೇ ಪೆಟ್ಟಿಗೆಗಳು. ದಪ್ಪ ಸದ್ದಿಗೆ ಎಂಟಿಂಚಿನ ವೂಫರ್, ತೀಕ್ಷ್ಣ ಸದ್ದಿಗೆ ಒಂದಿಂಚಿನ ಟ್ವೀಟರ್, 8 ಓಮ್. ವೂಫರಿನ ಫೋಮ್ ಅಂಚು ಬೆರಳು ತಾಗಿದರೆ ಪುಡಿಪುಡಿ. ನೋಡಿದವರೆಲ್ಲ "ಇದರ ಕಥೆ ಮುಗೀತು, ಹೊಸದು ತಗೊಳ್ಳಿ" ಅನ್ನುವುದು ಈ ಫೋಮ್ ನೋಡಿಯೇ. ಆದರೆ ಇಡೀ ಸ್ಪೀಕರಿನಲ್ಲಿ ಅಗ್ಗದ ಭಾಗ ಅದು. ಪಾಲಿಯುರೆಥೇನ್ ಗಾಳಿಯ ತೇವಕ್ಕೆ ಹತ್ತಿಪ್ಪತ್ತು ವರ್ಷದಲ್ಲಿ ಕೊಳೆತೇ ಕೊಳೆಯುತ್ತದೆ. ತೀರ್ಮಾನ ಆಗಬೇಕಾದ್ದು ಕಾಯಿಲ್ ನೋಡಿ, ಅಂದರೆ ಕೋನಿನ (ಅಲುಗಿ ಸದ್ದು ಮಾಡುವ ಶಂಕುವಿನ) ಹಿಂದೆ ಮ್ಯಾಗ್ನೆಟ್ಟಿನ ಸಂದಿನಲ್ಲಿ ಆಡುವ ತಂತಿಸುರುಳಿ ನೋಡಿ.

ಮಲ್ಟಿಮೀಟರಿನಲ್ಲಿ ಎಡ ವೂಫರ್ 6.1 ಓಮ್, ಬಲ 6.3. ಎಂಟು ಓಮಿನ ಸ್ಪೀಕರಿಗೆ 5.5ರಿಂದ 7ರೊಳಗೆ ಬಂದರೆ ಸರಿ. ಎಡ ಟ್ವೀಟರ್ ಸರಿಯಿದೆ, ಬಲದ್ದು ಓಪನ್, ಅಂದರೆ ಒಳಗೆ ತಂತಿ ಕಡಿದಿದೆ. ನಾಲ್ಕು ಬೆರಳಿಂದ ಕೋನನ್ನು ಸಮನಾಗಿ ಒತ್ತಿದಾಗ ಎಡದ ವೂಫರ್ ಮೆತ್ತಗೆ ಹೋಗಿ ಬಂತು, ಬಲದ್ದು ಒಂದು ಕಡೆ ಕರಕರ ಎಂದಿತು.

ಕಾಯಿಲ್ ಸುಟ್ಟು ಉಬ್ಬಿದ್ದರೂ ಹೀಗೇ ಸದ್ದು ಬರುತ್ತದೆ, ಕಾಯಿಲ್ ಆಡುವ ಗ್ಯಾಪಿನಲ್ಲಿ ದೂಳು ಕೂತಿದ್ದರೂ ಬರುತ್ತದೆ. ಅದಿರಿನ ಲಾರಿ ಓಡುವ ಈ ಸೀಮೆಯಲ್ಲಿ ಮೊದಲು ದೂಳನ್ನೇ ಶಂಕಿಸಬೇಕು. ಮ್ಯಾಗ್ನೆಟೈಟ್ ಅಂಶದ ಕಣ ಮ್ಯಾಗ್ನೆಟ್ಟಿಗೆ ಅಂಟಿಕೊಂಡರೆ ಊದಿದರೆ ಬರುವುದಿಲ್ಲ. ಕಂಪ್ರೆಸರ್ ಗಾಳಿ ಅದನ್ನು ಇನ್ನೂ ಒಳಗೆ ತಳ್ಳುತ್ತದೆ. ನಡುವಿನ ಡಸ್ಟ್ ಕ್ಯಾಪನ್ನು ಬ್ಲೇಡಿನಿಂದ ಬಿಡಿಸಿ, ತೆಳು ಪ್ಲಾಸ್ಟಿಕ್ ಪಟ್ಟಿಗೆ ಮಾಸ್ಕಿಂಗ್ ಟೇಪನ್ನು ಅಂಟು ಹೊರಗಿರುವಂತೆ ಸುತ್ತಿ, ಗ್ಯಾಪಿನಲ್ಲಿ ಇಳಿಸಿ ಸುತ್ತಲೂ ಆಡಿಸಬೇಕು. ಟೇಪಿಗೆ ಕೆಂಗಪ್ಪು ಪುಡಿ ಮೆತ್ತಿಕೊಂಡು ಬಂತು. ಹೊಸ ಟೇಪ್ ಸುತ್ತಿ ಅದು ಬಿಳಿಯಾಗೇ ಹೊರಬರುವತನಕ ತೆಗೆದ ಮೇಲೆ ಕರಕರ ನಿಂತಿತು. ಹಾಗಾಗಿ ರಿಪೇರಿಯೇ. ಎರಡೂ ಕಾಯಿಲ್ ಸುಟ್ಟಿದ್ದರೆ ಹೊಸ ಜೋಡಿಯೇ ವಾಸಿ ಎನ್ನುತ್ತಿದ್ದೆವು.

ಫೋಮ್ ತರಿಸುವಾಗ "ಎಂಟಿಂಚು" ಎಂದಷ್ಟೇ ಹೇಳಿದರೆ ಸಾಲದು. ಕೋನಿನ ಹೊರ ವ್ಯಾಸ, ಫ್ರೇಮಿನ ಒಳ-ಹೊರ ವ್ಯಾಸ ಮಿಲಿಮೀಟರಿನಲ್ಲಿ ಕೊಡಬೇಕು. ಹಳೇ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ ಒರೆಸಿದ್ದಾಯಿತು. ಫೋಮನ್ನು ಮೊದಲು ಕೋನಿಗೆ ಅಂಟಿಸಿ ರಾತ್ರಿಯಿಡೀ ಬಿಟ್ಟು, ಮರುದಿನ ಫ್ರೇಮಿಗೆ. ಅಷ್ಟೊತ್ತಿಗೆ ಕಾಯಿಲ್ ಸುತ್ತ ನಾಲ್ಕು ಕಡೆ ತೆಳು ಫಿಲ್ಮಿನ ಪಟ್ಟಿ ಸಿಕ್ಕಿಸಿರಬೇಕು, ಇಲ್ಲದಿದ್ದರೆ ಕೋನ್ ವಾಲಿ ಮತ್ತೆ ಉಜ್ಜುತ್ತದೆ. ನಲವತ್ತು ಡಿಗ್ರಿಯ ಬಿಸಿಲಲ್ಲಿ ರಬ್ಬರ್ ಅಂಟು ಕೂರಿಸುವ ಮೊದಲೇ ಒಣಗುತ್ತದೆ. ಬೆಳಗಿನ ಜಾವ, ಫ್ಯಾನ್ ಆರಿಸಿ ಮಾಡುವ ಕೆಲಸ ಇದು.

ಸದ್ದನ್ನು ವೂಫರ್, ಟ್ವೀಟರಿಗೆ ಹಂಚುವ ಕ್ರಾಸೋವರಿನ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೀಟರಿನಲ್ಲಿ 6.4 ತೋರಿಸುತ್ತಿದೆ. ಹೆಚ್ಚು ತೋರಿಸಿದರೆ ಗಟ್ಟಿಯಿದೆ ಎಂದಲ್ಲ, ಒಳಗೆ ಸೋರುತ್ತಿದೆ ಎಂದು. ಅದೇ 4.7 ಮೈಕ್ರೋಫ್ಯಾರಡಿನ, 100 ವೋಲ್ಟಿನ ಫಿಲ್ಮ್ ಕೆಪಾಸಿಟರ್ ಎರಡೂ ಪೆಟ್ಟಿಗೆಗೆ ಹಾಕಿದೆವು. ಫಿಲ್ಮಿನ ಒಳರೋಧ ಕಡಿಮೆ, ಟ್ವೀಟರ್ ಚೂಪಾಗಿ ಕೇಳಿಸಿದರೆ ಸರಣಿಯಲ್ಲಿ ಅರ್ಧ ಓಮ್ ಸೇರಿಸಿದರೆ ಸಾಕು.

ಬಾಕಿ: ಬಲ ಟ್ವೀಟರ್. ಅದೇ ಸೆನ್ಸಿಟಿವಿಟಿಯದು (ಅಷ್ಟೇ ವಿದ್ಯುತ್ತಿಗೆ ಅಷ್ಟೇ ಜೋರಾಗಿ ಕೇಳಿಸುವಂಥದ್ದು) ಒಂಟಿಯಾಗಿ ಸಿಗದಿದ್ದರೆ ಎರಡನ್ನೂ ಬದಲಿಸುವುದು. ಆಮೇಲೆ ಪ್ಲಸ್-ಮೈನಸ್ ಅದಲುಬದಲಾಗಿಲ್ಲವೆಂದು ತಿಳಿಯಲು 1.5 ವೋಲ್ಟಿನ ಸೆಲ್ ತಾಗಿಸಿ ಎರಡೂ ವೂಫರ್ ಒಂದೇ ದಿಕ್ಕಿಗೆ ಹೊರಬರುತ್ತವೆಯೇ ನೋಡುವುದು.