ದಾಳಿಂಬೆ ಸೀಳಿದರೆ ಮೊದಲು ಬಿರುಕು ನೋಡಿ, ಆಮೇಲೆ ಬೋರಾನ್ ತನ್ನಿ

ಪುಣೆ ಜಿಲ್ಲೆಯ ಇಂದಾಪುರ, ಪುರಂದರದ ಕಡೆ ದಾಳಿಂಬೆ ಮಾಡುವ ನಮ್ಮ ಕನ್ನಡದವರಲ್ಲಿ ಕಾಯಿ ಸೀಳಿದ್ದು ಕಂಡ ಕೂಡಲೇ ಬೋರಾನ್ ಎಂಬ ಪೋಷಕಾಂಶ ತಂದು ಹೊಡೆಯುವ ರೂಢಿ ಇದೆ. ಅಂಗಡಿಗೆ ಹೋಗುವ ಮೊದಲು ಸೀಳಿದ ನಾಲ್ಕಾರು ಕಾಯಿ ಕೈಯಲ್ಲಿ ಹಿಡಿದು ನೋಡಿ. ನಿಂಬೆ ಗಾತ್ರದ ಎಳೆಕಾಯಿ ಸೀಳಿದ್ದರೆ ಬೋರಾನ್ ಕೊರತೆ ಇರಬಹುದು. ಬಣ್ಣ ತಿರುಗಿದ ಕಾಯಿ ಸೀಳಿದ್ದರೆ ಹೆಚ್ಚಾಗಿ ಅದು ನೀರಿನ ಏರುಪೇರು. ಕಪ್ಪು ಎಣ್ಣೆಮಚ್ಚೆಯ ನಡುವಿನಿಂದ ಎಲ್ ಅಥವಾ ವೈ ಆಕಾರದಲ್ಲಿ ಬಾಯಿಬಿಟ್ಟಿದ್ದರೆ ದುಂಡಾಣು ಅಂಗಮಾರಿ, ಇಲ್ಲಿಯವರ ತೇಲ್ಯಾ. ಅದಕ್ಕೆ ಯಾವ ಪೋಷಕಾಂಶವೂ ಮದ್ದಲ್ಲ.

ಸಿಪ್ಪೆಯ ಜೀವಕೋಶಗಳ ಗೋಡೆಯಲ್ಲಿ ಪೆಕ್ಟಿನ್ ಎಂಬ ಅಂಟಿನ ಎಳೆಗಳನ್ನು ಕಟ್ಟಿ ಹಿಡಿಯುವುದು ಬೋರಾನ್ ಮತ್ತು ಕ್ಯಾಲ್ಸಿಯಂ. ಕ್ಯಾಲ್ಸಿಯಂಗೆ ಅಲ್ಲಿ ಜಾಗ ಮಾಡಿಕೊಡುವುದು ಪೆಕ್ಟಿನ್ ಮೀಥೈಲ್‌ಎಸ್ಟರೇಸ್ ಎಂಬ ಪ್ರೋಟೀನ್. ಸತುವಿನ ಕೆಲಸ ಬೇರೆ. ಆರ್‌ಎನ್‌ಎ ತಯಾರಿಸುವ ಕಿಣ್ವಕ್ಕೆ ಸತು ಬೇಕು, ಪ್ರೋಟೀನ್ ಕಟ್ಟುವ ರೈಬೋಸೋಮ್ ಕೆಡದೆ ನಿಲ್ಲಲೂ ಬೇಕು. ಅದು ಸಾಲದಾದಾಗ ಗಿಡದಲ್ಲಿ ಅಮಿನೋ ಆಮ್ಲಗಳು ಬಳಕೆಯಾಗದೆ ಉಳಿಯುತ್ತವೆ, ಪ್ರೋಟೀನ್ ಇಳಿಯುತ್ತದೆ, ಎಲೆ ಸಣ್ಣಗಾಗುತ್ತದೆ. ಅಂಥ ಗಿಡಕ್ಕೆ ಇನ್ನಷ್ಟು ಯೂರಿಯಾ ಹಾಕುವುದು ದುಡ್ಡು ದಂಡ.

ಬೋರಾನ್ ಕೊಡಲು ಬೋರಿಕ್ ಆಸಿಡ್ 200 ಲೀಟರ್ ಡ್ರಮ್‌ಗೆ 400 ಗ್ರಾಂ ಸಾಕು. ಬಕೆಟ್‌ನ ಬಿಸಿ ನೀರಲ್ಲಿ ಪೂರ್ತಿ ಕರಗಿಸಿ ಡ್ರಮ್‌ಗೆ ಸುರಿಯಿರಿ. ತಣ್ಣೀರಲ್ಲಿ ಹರಳು ತಳದಲ್ಲೇ ಕೂತಿರುತ್ತದೆ. ಮೊಗ್ಗಿನಲ್ಲಿ ಒಮ್ಮೆ, ಕಾಯಿ ಕಚ್ಚಿದ ಮೇಲೆ ಒಮ್ಮೆ, ಸಂಜೆ ಹೊತ್ತು. ವಾರವಾರ ಹೊಡೆಯಬೇಡಿ. ಬೋರಾನ್‌ನಲ್ಲಿ ಕೊರತೆಗೂ ಅತಿಗೂ ಅಂತರ ಬಹಳ ಕಡಿಮೆ, ಹೆಚ್ಚಾದರೆ ಎಲೆಯ ತುದಿ, ಅಂಚು ಸುಡುತ್ತದೆ.

ಸತು ಕೊಡಲು ಜಿಂಕ್ ಸಲ್ಫೇಟ್. ಅದರಲ್ಲಿ ಸತು ಶೇ 21ರದ್ದಾದರೆ ಅದೇ ಡ್ರಮ್‌ಗೆ 1 ಕಿಲೋ, ಶೇ 33ರದ್ದಾದರೆ ಸುಮಾರು 640 ಗ್ರಾಂ. ಚೀಲದ ಮೇಲಿನ ಅಂಕಿ ಓದದೆ ತೂಗಬೇಡಿ. ಜೊತೆಗೆ 500 ಗ್ರಾಂ ಅರಳಿದ ಸುಣ್ಣವನ್ನು ಬೇರೆ ಕಲಸಿ, ಬಟ್ಟೆಯಲ್ಲಿ ಸೋಸಿ ಹಾಕಬೇಕು. ಸುಣ್ಣ ಬಿಟ್ಟರೆ ಎಳೆ ಎಲೆ ಸುಡುವ ಭಯ. ಸುಣ್ಣದ ಹರಳಿರುವ ಎರೆ ಮಣ್ಣಿನಲ್ಲಿ ಸತು ಗಿಡಕ್ಕೆ ಸಿಗದಂತೆ ಕಟ್ಟಿಕೊಳ್ಳುವುದರಿಂದ ಎಲೆಗೆ ಕೊಡುವುದೇ ಲೇಸು.

ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 5 ಗ್ರಾಂ. ಅದನ್ನು ಜಿಂಕ್ ಸಲ್ಫೇಟ್ ಜೊತೆ ಬೆರೆಸಿದರೆ ಜಿಪ್ಸಂ ಆಗಿ ನಾಜಲ್ ಕಟ್ಟುತ್ತದೆ, ರಂಜಕದ ಗೊಬ್ಬರದೊಂದಿಗೂ ಹಾಗೆಯೇ ಗಸಿಗಟ್ಟುತ್ತದೆ. ಎಲೆ ಮೇಲೆ ಬಿದ್ದ ಕ್ಯಾಲ್ಸಿಯಂ ಕಾಯಿಗೆ ಇಳಿಯುವುದಿಲ್ಲ. ಕಾಯಿಯೇ ತೋಯಬೇಕು, ಅದೂ ಎಳೆಯದಿದ್ದಾಗ; ಬಲಿತ ಸಿಪ್ಪೆಯ ಮೇಣದ ಪದರ ದಾಟಿ ಒಳಗೆ ಹೋಗುವುದು ಕಷ್ಟ.

ಇಷ್ಟೆಲ್ಲ ಮಾಡಿಯೂ ನೀರು ತಪ್ಪಿದರೆ ಕಾಯಿ ಉಳಿಯದು. ಎರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ, ಅದು ಬೇರಿನಿಂದ ಮೇಲೇರುವುದು ನೀರಿನ ಜೊತೆಗೆ. ಜನವರಿ-ಫೆಬ್ರುವರಿಯಲ್ಲಿ ಹೂ ಹಿಡಿಸಿದ ಆಂಬೆ ಬಹಾರದ ಕಾಯಿ ಬಲಿಯುವ ಹೊತ್ತಿಗೆ ಮುಂಗಾರು ಬರುತ್ತದೆ. ಬೇಸಿಗೆಯಲ್ಲಿ ಬಾಯಾರಿ ಬಿರುಸಾದ ಸಿಪ್ಪೆಯೊಳಗೆ ಕಾಳು ಒಮ್ಮೆಲೇ ಊದಿಕೊಂಡರೆ ಸಿಪ್ಪೆ ಹಿಗ್ಗುವುದಿಲ್ಲ. ಪಡುವಣ ಬಿಸಿಲಿಗೆ ಸುಟ್ಟ ಮಗ್ಗುಲಿದ್ದರೆ ಅಲ್ಲಿಂದಲೇ ಸೀಳು ಶುರು. ನಾಲ್ಕು ದಿನಕ್ಕೊಮ್ಮೆ ತುಂಬಾ ಬಿಡುವ ಬದಲು ದಿನವೂ ಸ್ವಲ್ಪ ಸ್ವಲ್ಪ ಡ್ರಿಪ್ ಬಿಡಿ. ಡ್ರಿಪ್ಪರ್ ಕಾಂಡದ ಬುಡಕ್ಕಲ್ಲ, ನೆರಳಿನ ಅಂಚಿಗಿರಲಿ. ಕಬ್ಬಿನ ರವದಿ ದಪ್ಪಗೆ ಹೊದಿಸಿ. ಮೋಡ ಕಂಡಿತೆಂದು ಡ್ರಿಪ್ ನಿಲ್ಲಿಸಬೇಡಿ, ಮಳೆ ನಿಜಕ್ಕೂ ನೆಲ ನೆನೆಸಿದ ಮೇಲೆ ನಿಲ್ಲಿಸಿ. ಜೋರು ಮಳೆಯ ಸೂಚನೆ ಇದ್ದರೆ ಹಣ್ಣಾದದ್ದನ್ನು ಮುಂಚೆಯೇ ಕೊಯ್ದು ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ಗೆ ಕಳಿಸಿ.